ಕಾರ್ ಶೆಡ್ ನೆಲದ ಸೀಲರ್ ಸಿಪ್ಪೆ ಎದ್ದರೆ ಅದರ ಬೆನ್ನು ತಿರುಗಿಸಿ ನೋಡಿ

ಮೈಸೂರಿನ ರಿಂಗ್ ರಸ್ತೆಯಾಚೆ ಒಂದು ಹೊಸ ಮನೆ. ಕಾರು ನಿಲ್ಲಿಸುವ ಜಾಗ ಹತ್ತಡಿಗೆ ಇಪ್ಪತ್ತಡಿ. ಟೈಲ್ಸ್ ಬೇಡ, ಕಾಂಕ್ರೀಟಿಗೇ ಕಂದು ಬಣ್ಣದ ಆಸಿಡ್ ಸ್ಟೇನ್ ಕೊಟ್ಟು ಮೇಲೆ ನೀರು, ಕಲೆ ತಡೆಯುವ ಹೊಳಪಿನ ಸೀಲರ್ ಹೊಡೆದುಬಿಡೋಣ ಎಂದು ಗುತ್ತಿಗೆದಾರ ಒಪ್ಪಿಸಿದ. ಮುಗಿದ ದಿನ ನೆಲ ಥಳಥಳ ಹೊಳೆಯುತ್ತಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಟೈರ್ ನಿಲ್ಲುವ ನಾಲ್ಕೂ ಕಡೆ ಸೀಲರ್ ಕಿತ್ತು ಬಂತು. ಸಂಪಿನ ಮುಚ್ಚಳದ ಸುತ್ತ ಬೆಳ್ಳಗೆ ಮಬ್ಬು ಹಿಡಿಯಿತು. ಗೋಡೆಯ ಬದಿಯಲ್ಲಿ ಬಣ್ಣವೇ ಹಿಡಿಯದ ಬೂದು ತೇಪೆಗಳು ಮೊದಲಿನಿಂದಲೂ ಇದ್ದವು, ಹೊಳಪು ಹೋದಮೇಲೆ ಎದ್ದು ಕಂಡವು. "ಇನ್ನೊಂದು ಕೋಟ್ ಹೊಡೆದ್ರೆ ಸರಿಹೋಗುತ್ತೆ ಸಾರ್" ಎಂದ ಗುತ್ತಿಗೆದಾರ. ದುಡ್ಡು ತೆಗೆದುಕೊಂಡು ಹೊಡೆದ. ಎರಡನೆಯ ಕೋಟೂ ಮೊದಲನೆಯದನ್ನು ಹಿಡಿದುಕೊಂಡೇ ಎದ್ದಿತು.

ಎದ್ದ ಸೀಲರ್ ಮೇಲೆ ಇನ್ನೊಂದು ಕೋಟ್ ಹೊಡೆಸಬೇಡಿ. ಈ ಬರಹದಲ್ಲಿ ಬೇರೇನೂ ಓದದಿದ್ದರೂ ಇದನ್ನು ನೆನಪಿಡಿ. ಕೆಳಗಿನ ಪದರ ನೆಲವನ್ನು ಬಿಟ್ಟಮೇಲೆ ಮೇಲಿನದು ಯಾವ ಕಂಪನಿಯದಾದರೂ ನಿಲ್ಲುವುದಿಲ್ಲ. ಮೊದಲು ಒಂದು ಸಿಪ್ಪೆಯನ್ನು ಬ್ಲೇಡಿನಿಂದ ಎಬ್ಬಿಸಿ ಬೆನ್ನು ತಿರುಗಿಸಿ ನೋಡಿ. ತಪ್ಪು ಎಲ್ಲಾಯಿತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸಿಪ್ಪೆಯ ಬೆನ್ನಿನಲ್ಲಿ ಬೆರಳಿಗೆ ಅಂಟುವ ಕಂದು ಪುಡಿ ಇದ್ದರೆ, ಸ್ಟೇನ್ ಹಾಕಿದಮೇಲೆ ನೆಲ ತೊಳೆದಿಲ್ಲ. ಹೆಚ್ಚಿನ ನೆಲ ಕೆಡುವುದು ಇಲ್ಲೇ. ಆಸಿಡ್ ಸ್ಟೇನ್ ಎಂದರೆ ಪೇಂಟ್ ಅಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರದಂಥ ಲೋಹದ ಲವಣಗಳನ್ನು ಕರಗಿಸಿರುತ್ತಾರೆ. ಅದು ಕಾಂಕ್ರೀಟಿನಲ್ಲಿ ಉಳಿದಿರುವ ಸುಣ್ಣದ ಜೊತೆ ಕೂಡಿ ಅಲ್ಲೇ ಬಣ್ಣವಾಗುತ್ತದೆ. ಕೂಡದೆ ಉಳಿದದ್ದು ಮೇಲೆ ಪುಡಿಯಾಗಿ ಕೂರುತ್ತದೆ. ಈ ಪುಡಿ ನೋಡಲು ಚೆನ್ನಾಗಿರುತ್ತದೆ, ತೊಳೆದರೆ ಬಣ್ಣವೇ ಹೋದೀತು ಎಂದು ಕೆಲಸದವರು ಒಂದು ಬಕೆಟ್ ನೀರು ಚೆಲ್ಲಿ ಬಿಟ್ಟುಬಿಡುತ್ತಾರೆ. ಸೀಲರ್ ಆ ಪುಡಿಗೆ ಅಂಟುತ್ತದೆಯೇ ಹೊರತು ನೆಲಕ್ಕಲ್ಲ. ಮೇಲಾಗಿ ಅದರಲ್ಲಿ ಆಮ್ಲದ ಅಂಶವೂ ಉಳಿದಿರುತ್ತದೆ.

ಸರಿಯಾದ ಕ್ರಮ ಹೀಗೆ. ಸ್ಟೇನನ್ನು ಪ್ಲಾಸ್ಟಿಕ್ ಸ್ಪ್ರೇಯರಿನಿಂದ ಹೊಡೆದು (ಲೋಹದ ಭಾಗವಿದ್ದರೆ ಆಮ್ಲ ತಿಂದುಬಿಡುತ್ತದೆ) ಕನಿಷ್ಠ 4 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಬಿಡಬೇಕು. ಆಮೇಲೆ 10 ಲೀಟರ್ ನೀರಿಗೆ 250ರಿಂದ 300 ಗ್ರಾಂ ಅಡುಗೆ ಸೋಡಾ ಕರಗಿಸಿ ನೆಲದ ಮೇಲೆ ಸುರಿದು, ಗಟ್ಟಿ ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ಬುರುಬುರು ನೊರೆ ಬರುವಷ್ಟು ಹೊತ್ತೂ ಆಮ್ಲ ಇದೆ ಎಂದೇ ಅರ್ಥ. ನೊರೆ ನಿಂತಮೇಲೆ ಬರಿಯ ನೀರಿನಲ್ಲಿ ಕನಿಷ್ಠ ಎರಡು ಸಲ ತೊಳೆದು ವೈಪರಿನಿಂದ ಎಳೆಯಬೇಕು. ನೀರು ತನ್ನಷ್ಟಕ್ಕೆ ಒಣಗಲಿ ಎಂದು ಬಿಟ್ಟರೆ ಪುಡಿ ಅಲ್ಲೇ ಮತ್ತೆ ಕೂರುತ್ತದೆ. ಕೊನೆಗೆ ಒದ್ದೆ ಮಾಡಿದ ಬಿಳಿ ಪಂಚೆ ಬಟ್ಟೆಯ ತುಂಡಿನಿಂದ ನಾಲ್ಕು ಕಡೆ ಒತ್ತಿ ಒರೆಸಿ. ಬಟ್ಟೆಗೆ ಕಂದು ಹತ್ತಿದರೆ ಇನ್ನೊಂದು ಸಲ ತೊಳೆಸಿ. ಈ ಪರೀಕ್ಷೆಯನ್ನು ಮನೆಯವರೇ ನಿಂತು ಮಾಡಬೇಕು, ಗುತ್ತಿಗೆದಾರನಿಗೆ ಬಿಡಬೇಡಿ. ಒದ್ದೆ ನೆಲದಲ್ಲಿ ಆಗ ಕಾಣುವ ಬಣ್ಣವೇ ನಿಮಗೆ ಸಿಗುವ ನಿಜವಾದ ಬಣ್ಣ. ಹೊಳಪಿನ ಸೀಲರ್ ಬಿದ್ದಮೇಲೆ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಈ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಕಾವೇರಿ ನೀರಿನ ಸಂಪು ಇರುವುದೇ ಕಾರು ನಿಲ್ಲುವ ಜಾಗದಲ್ಲಿ. ಆಮ್ಲ, ತಾಮ್ರ, ಮ್ಯಾಂಗನೀಸ್ ಸೇರಿದ ನೀರು ಮುಚ್ಚಳದ ಸಂದಿನಿಂದ ಕುಡಿಯುವ ನೀರಿಗೆ ಇಳಿದರೆ ಸಂಪು ಪೂರ್ತಿ ಖಾಲಿ ಮಾಡಿಸಿ ತೊಳೆಸಬೇಕಾಗುತ್ತದೆ. ಕೆಲಸ ಶುರುವಾಗುವ ಮೊದಲೇ ಮುಚ್ಚಳವನ್ನು ದಪ್ಪ ಪ್ಲಾಸ್ಟಿಕ್ಕಿನಿಂದ ಮುಚ್ಚಿ ಸುತ್ತ ಟೇಪ್ ಒತ್ತಿಸಿ, ಅದರಾಚೆ ಜೇಡಿಮಣ್ಣಿನ ಸಣ್ಣ ಬದು ಕಟ್ಟಿಸಿ. ನೀರನ್ನು ಗಿಡಗಳ ಪಾತಿಗೂ ಬಿಡಬೇಡಿ, ಸೋಡಾ ಹಾಕಿದಮೇಲೆ ಬಕೆಟ್ಟಿಗೆ ಎತ್ತಿಸಿ. ಅಂಚಿಗೆ ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ಇದ್ದರೆ ಅವನ್ನೂ ಮುಚ್ಚಿಸಿ. ಅವು ಸುಣ್ಣದ ಕಲ್ಲು, ಸಿಮೆಂಟಿನ ಜಾತಿ, ಒಂದು ಹನಿ ಸಾಕು ಕಲೆ ಬೀಳಲು. ಕಬ್ಬಿಣದ ಗೇಟು, ಸ್ಕೂಟರ್ ದೂರವಿರಲಿ, ಆಮ್ಲದ ಹೊಗೆಗೇ ತುಕ್ಕು ಹಿಡಿಯುತ್ತದೆ. ಸ್ಟೇನ್ ಹೊಡೆಯುವವರಿಗೆ ರಬ್ಬರ್ ಗ್ಲೌಸ್, ಬೂಟು, ಕಣ್ಣಿಗೆ ಕನ್ನಡಕ ಕೊಡಿಸಿ. ಬರಿಗಾಲಲ್ಲಿ ಈ ಕೆಲಸ ಮಾಡಿಸುವುದು ಅನ್ಯಾಯ.

ಸಿಪ್ಪೆಯ ಬೆನ್ನಿನಲ್ಲಿ ಬೂದು ಸಿಮೆಂಟ್ ಪುಡಿ, ಸಣ್ಣ ಚಕ್ಕೆಗಳು ಕಂಡರೆ ದೋಷ ಗಾರೆ ಕೆಲಸದ್ದು. ನೆಲ ಹಾಕುವಾಗ ನೀರು ಹೆಚ್ಚಾದರೆ ಮೇಲೆ ಹಾಲಿನಂಥ ತಿಳಿ ಸಿಮೆಂಟ್ ಎದ್ದು ಬಂದು ಒಣಗುತ್ತದೆ. ಅದನ್ನು ಹೀರಲು ಒಣ ಸಿಮೆಂಟ್ ಚೆಲ್ಲಿ ಕರಣೆಯಿಂದ ತೀಡುವ ಅಭ್ಯಾಸ ಬಹಳ ಮೇಸ್ತ್ರಿಗಳಿಗಿದೆ. ಆ ತೆಳು ಪದರಕ್ಕೆ ಕಸುವಿಲ್ಲ, ಕೂದಲೆಳೆಯಂಥ ಬಿರುಕೂ ಬರುತ್ತದೆ. ಟೈರ್ ಎಳೆದಾಗ ಸೀಲರ್ ಜೊತೆ ಅದೂ ಕಿತ್ತು ಬರುತ್ತದೆ. ಮೊಳೆಯಿಂದ ಗೀರಿ ನೋಡಿ. ಸುಲಭವಾಗಿ ಪುಡಿ ಏಳುವ ನೆಲವಾದರೆ ಗ್ರೈಂಡಿಂಗ್ ಮೆಷಿನ್ ಹಾಕಿಸಿ ಆ ಪದರ ತೆಗೆಸಬೇಕು.

ಇಲ್ಲಿಯೇ ಇನ್ನೊಂದು ದೊಡ್ಡ ತಪ್ಪಾಗುತ್ತದೆ. ಗ್ರೈಂಡಿಂಗ್ ಖರ್ಚು ಉಳಿಸಲು ಟೈಲ್ಸ್ ತೊಳೆಯುವ ಆಸಿಡ್ ಸುರಿದು ನೆಲ ಉಜ್ಜುತ್ತಾರೆ, ಆಮೇಲೆ ಆಸಿಡ್ ಸ್ಟೇನ್ ಹಾಕುತ್ತಾರೆ. ಸ್ಟೇನಿಗೆ ಬೇಕಾದ ಸುಣ್ಣವನ್ನು ಮೊದಲ ಆಸಿಡ್ಡೇ ತಿಂದಿರುತ್ತದೆ. ಆ ಮನೆಯ ಗೋಡೆ ಬದಿಯ ಬೂದು ತೇಪೆಗಳಿಗೆ ಇದೇ ಕಾರಣ. ಸಿಮೆಂಟ್ ಕಲೆ ಬಿದ್ದಿದ್ದ ಕಡೆಗೆಲ್ಲ ಆಸಿಡ್ ಹಾಕಿ ಉಜ್ಜಿದ್ದರು. ಪೇಂಟ್, ಎಪಾಕ್ಸಿ ಹೊಡೆಯುವ ಮುನ್ನ ಆಸಿಡ್ ತೊಳೆತ ಇದೆ. ಆಸಿಡ್ ಸ್ಟೇನಿನ ಮುನ್ನ ಇಲ್ಲ. ಎಣ್ಣೆ ಕಲೆಗೆ ಡಿಗ್ರೀಸರ್ ಅಥವಾ ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ, ಬ್ರಷ್ಷು, ಅಷ್ಟೇ ಸಾಕು.

ಸಿಮೆಂಟಿನ ಬಗ್ಗೆಯೂ ಗುತ್ತಿಗೆದಾರರು ಹೇಳುವುದಿಲ್ಲ. ಚೀಲದ ಮೇಲೆ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) ಎಂದಿದ್ದರೆ ಅದರಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಹಾರುಬೂದಿ ಕಾಂಕ್ರೀಟಿನ ಸುಣ್ಣವನ್ನು ತನ್ನಲ್ಲಿ ಸೇರಿಸಿಕೊಂಡೇ ಗಟ್ಟಿಯಾಗುತ್ತದೆ. ಕಟ್ಟಡಕ್ಕೆ ಅದು ಒಳ್ಳೆಯದೇ, ಆದರೆ ಸ್ಟೇನಿಗೆ ಸುಣ್ಣ ಕಡಿಮೆ ಉಳಿಯುತ್ತದೆ, ಕ್ಯಾಟಲಾಗಿನ ಗಾಢ ಕಂದು ಇಲ್ಲಿ ಮಸುಕಾಗಿ ಬರಬಹುದು. ಹಾಗಾಗಿ ಕ್ಯಾಟಲಾಗ್ ನೋಡಿ ಬಣ್ಣ ಆರಿಸಬೇಡಿ. ನಿಮ್ಮ ನೆಲದ ಮೂಲೆಯಲ್ಲೇ ಎರಡಡಿ ಚದರ ಜಾಗಕ್ಕೆ ಸ್ಟೇನ್ ಹಾಕಿಸಿ, ತೊಳೆಸಿ, ಸೀಲರ್ ಸಮೇತ ನೋಡಿ. ಅದನ್ನು ಒಪ್ಪದ ಗುತ್ತಿಗೆದಾರನಿಗೆ ಮುಂಗಡ ಕೊಡಬೇಡಿ. ಹೊಸ ಕಾಂಕ್ರೀಟಾದರೆ 28 ದಿನ ಕಳೆಯಬೇಕು. ನೀರು ಹನಿಸಿದರೆ ಒಂದೆರಡು ನಿಮಿಷದಲ್ಲಿ ನೆಲ ಹೀರಿ ಕಪ್ಪಾಗಬೇಕು. ಮುತ್ತಿನಂತೆ ನಿಂತರೆ ಸ್ಟೇನೂ ಒಳಗಿಳಿಯುವುದಿಲ್ಲ.

ಇನ್ನು ಸಿಪ್ಪೆಯ ಬೆನ್ನು ಶುಚಿಯಾಗಿದ್ದು, ಕೆಳಗಿನ ನೆಲ ತಣ್ಣಗೆ ಒದ್ದೆಯಾಗಿ, ಅಲ್ಲಲ್ಲಿ ಬಿಳಿ ಉಪ್ಪು ಎದ್ದಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ಪಕ್ಕದ, ಗದ್ದೆ ಬಯಲಿನ ನಿವೇಶನಗಳಲ್ಲಿ ಇದನ್ನು ಮೊದಲು ಅನುಮಾನಿಸಬೇಕು. ಬೇಸಿಗೆಯಲ್ಲಿ ನಾಲೆ ನಿಂತಾಗ ಒಣಗಿದ್ದ ನೆಲ, ಕೆಆರ್‌ಎಸ್‌ನಿಂದ ನೀರು ಬಿಟ್ಟು ಗದ್ದೆ ತುಂಬಿದಮೇಲೆ ತೇವ ಏರಿಸಿಕೊಳ್ಳುತ್ತದೆ. ಕಾಂಕ್ರೀಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಅದನ್ನು ತಡೆಯುವುದು ಏನೂ ಇಲ್ಲ. ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಒತ್ತಿ ಅಂಟಿಸಿ, 16 ಗಂಟೆ ಬಿಟ್ಟು ತೆಗೆದು ನೋಡಿ. ಹಾಳೆಯೊಳಗೆ ಬೆವರು ಹನಿ ಇದ್ದರೆ, ನೆಲ ಕಪ್ಪಾಗಿದ್ದರೆ, ಪೊರೆ ಕಟ್ಟುವ ಯಾವ ಸೀಲರೂ ಬೇಡ. ಮಂಡ್ಯದವರು ಈ ಪರೀಕ್ಷೆಯನ್ನು ನಾಲೆಯಲ್ಲಿ ನೀರಿರುವಾಗಲೇ ಮಾಡಬೇಕು, ಏಪ್ರಿಲ್‌ನಲ್ಲಿ ಮಾಡಿ ನಂಬಿದರೆ ಮೋಸ ಹೋಗುತ್ತೀರಿ.

ಆ ಮನೆಯ ಸಂಪಿನ ಸುತ್ತಲಿನ ಬಿಳಿ ಮಬ್ಬೂ ಇದೇ ಜಾತಿಯದು. ತೊಳೆದ ಮರುದಿನವೇ, ಅಂಚು ಒಣಗುವ ಮೊದಲೇ ಸೀಲರ್ ಹೊಡೆದಿದ್ದರು. ಬಿಸಿಲಿದ್ದರೂ ತೊಳೆದಮೇಲೆ ಎರಡು ದಿನವಾದರೂ ಒಣಗಲು ಬಿಡಿ, ಮಳೆಗಾಲದಲ್ಲಿ ಈ ಕೆಲಸವನ್ನೇ ಹಿಡಿಯಬೇಡಿ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಟೈರ್ ಗುರುತಿನ ಆಕಾರದಲ್ಲೇ ಕಿತ್ತು ಬಂದಿದ್ದರೆ ಸೀಲರಿನ ಆಯ್ಕೆಯೂ ತಪ್ಪಿದೆ. ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿಕೊಂಡು ಬಂದ ಕಾರಿನ ಟೈರ್ ಕಾದಿರುತ್ತದೆ. ರಬ್ಬರಿನೊಳಗಿನ ಎಣ್ಣೆಯಂಥ ಅಂಶ ಅಕ್ರಿಲಿಕ್ ಸೀಲರನ್ನು ಮೆದು ಮಾಡುತ್ತದೆ, ಟೈರ್ ತಣ್ಣಗಾಗಿ ಕುಗ್ಗುವಾಗ ಹಿಡಿದು ಎಳೆಯುತ್ತದೆ. ಅಕ್ರಿಲಿಕ್ ಅಗ್ಗ, ಹೊಳಪು ಹೆಚ್ಚು, ಕಾರು ನಿಲ್ಲುವ ಜಾಗಕ್ಕೆ ಮಾತ್ರ ದುರ್ಬಲ. ಎಪಾಕ್ಸಿ ಗಟ್ಟಿ, ಆದರೆ ಬಿಸಿಲು ಬೀಳುವ ಕಡೆ ಹಳದಿಗೆ ತಿರುಗುತ್ತದೆ. ನಮ್ಮ ಪೋರ್ಟಿಕೋಗಳು ಎರಡು ಕಡೆ ತೆರೆದಿರುವುದರಿಂದ ಅದಕ್ಕೆ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಕೋಟ್ ಬೇಕೇ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ನೆಲದೊಳಗೆ ಇಳಿಯುವ ಸಿಲೇನ್ ಸಿಲೋಕ್ಸೇನ್ ಸೀಲರೇ ಇಲ್ಲಿಗೆ ಸರಿ. ಹೊಳಪು ಕೊಡುವುದಿಲ್ಲ, ಬಣ್ಣ ಗಾಢ ಮಾಡುವುದಿಲ್ಲ. ಆದರೆ ಪೊರೆಯೇ ಇಲ್ಲದ್ದರಿಂದ ಸಿಪ್ಪೆ ಏಳುವ ಮಾತಿಲ್ಲ, ಕೆಳಗಿನ ತೇವವೂ ಆವಿಯಾಗಿ ಹೋಗುತ್ತದೆ, ಮಳೆಯಲ್ಲಿ ವಯಸ್ಸಾದವರು ಜಾರಿ ಬೀಳುವ ಭಯವೂ ಕಡಿಮೆ.

ಹೊಳಪೇ ಬೇಕು ಎನ್ನುವವರಿಗೆ ಲೆಕ್ಕ ಇಷ್ಟು: ಅಕ್ರಿಲಿಕ್ ಸೀಲರ್ ಒಂದು ಲೀಟರಿಗೆ ಒಂದು ಕೋಟಿನಲ್ಲಿ 50ರಿಂದ 75 ಚದರ ಅಡಿ ಬರಬೇಕು. 200 ಚದರ ಅಡಿಗೆ ಎರಡು ತೆಳು ಕೋಟ್ ಸೇರಿ 6ರಿಂದ 8 ಲೀಟರ್. ಒಂದೇ ಕೋಟಿನಲ್ಲಿ ಅಷ್ಟನ್ನೂ ಸುರಿದರೆ ಮೇಲ್ಪದರ ಮೊದಲು ಒಣಗಿ ಒಳಗಿನ ದ್ರಾವಕ ಗುಳ್ಳೆಯಾಗಿ ಏಳುತ್ತದೆ. ಬೆಳಿಗ್ಗೆ ಬಿಸಿಲೇರುವಾಗ ಹೊಡೆದರೂ ಗುಳ್ಳೆ, ಏಕೆಂದರೆ ಕಾಯುತ್ತಿರುವ ಕಾಂಕ್ರೀಟ್ ಗಾಳಿ ಹೊರಗೆ ತಳ್ಳುತ್ತಿರುತ್ತದೆ. ಸಂಜೆ ನಾಲ್ಕರ ಮೇಲೆ, ನೆಲ ಆರುವ ಹೊತ್ತಿಗೆ ಹಚ್ಚಿಸಿ. ಎರಡನೆಯ ಕೋಟಿನಲ್ಲಿ ಜಾರದಂತೆ ತಡೆಯುವ ಪುಡಿ ಬೆರೆಸಲು ಹೇಳಿ. ಆ ಹೊತ್ತು ಸ್ಕೂಟರ್ ಸ್ಟಾರ್ಟ್ ಮಾಡುವುದು, ಬೀಡಿ, ದೀಪ ಯಾವುದೂ ಹತ್ತಿರ ಇರಬಾರದು, ಸೀಲರಿನಲ್ಲಿ ದ್ರಾವಕವಾಗಿರುವ ಝೈಲೀನಿನ ಆವಿಗೆ ಕಿಡಿ ಸಾಕು. ಮೂರು ದಿನ ಕಾರು ಹೊರಗಿರಲಿ, ಎಪಾಕ್ಸಿಯಾದರೆ ಏಳು ದಿನ.

ಆಗಲೇ ಕೆಟ್ಟ ನೆಲಕ್ಕೆ ಏನು ಮಾಡುವುದು? ಬರಿಯ ಮಬ್ಬು, ಗುಳ್ಳೆ ಮಾತ್ರ ಇದ್ದು, ಸೀಲರ್ ನೆಲ ಬಿಟ್ಟಿಲ್ಲವಾದರೆ, ನೆಲ ಪೂರ್ತಿ ಒಣಗಿದಮೇಲೆ ಝೈಲೀನನ್ನು ರೋಲರಿನಿಂದ ತೆಳ್ಳಗೆ ಹಚ್ಚಿದರೆ ದ್ರಾವಕ ಆಧಾರದ ಅಕ್ರಿಲಿಕ್ ಮೆತ್ತಗಾಗಿ ಮತ್ತೆ ಕೂಡಿಕೊಳ್ಳುತ್ತದೆ. ಎದ್ದಿದ್ದರೆ ಪೂರ್ತಿ ತೆಗೆಸಬೇಕು, ಅರ್ಧಂಬರ್ಧ ಕೆರೆಸಿದರೆ ತೇಪೆ ಉಳಿಯುತ್ತದೆ. ಸೀಲರನ್ನು ಮೆತ್ತಗೆ ಮಾಡಿ ಎಬ್ಬಿಸುವ ಸ್ಟ್ರಿಪ್ಪರ್ ಹಾಕಿದರೆ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ, ಗ್ರೈಂಡ್ ಮಾಡಿಸಿದರೆ ಬಣ್ಣವೂ ಹೋಗುತ್ತದೆ. ಆಸಿಡ್ ಬಿದ್ದು ಸುಣ್ಣ ಕಳೆದುಕೊಂಡ ತೇಪೆಗಳಿಗೆ ಮತ್ತೆ ಆಸಿಡ್ ಸ್ಟೇನ್ ಹಾಕಿಸಿ ದುಡ್ಡು ಕಳೆಯಬೇಡಿ. ಅಲ್ಲಿಗೆ ನೀರಿನ ಆಧಾರದ, ಪಿಗ್ಮೆಂಟ್ ಇರುವ ಸ್ಟೇನನ್ನು ಪಕ್ಕದ ಬಣ್ಣಕ್ಕೆ ಹೊಂದಿಸಿ ಹಚ್ಚಿಸಿ. ಅದಕ್ಕೆ ಸುಣ್ಣದ ಹಂಗಿಲ್ಲ. ಕಾಂಕ್ರೀಟ್ ಡೈ ಎಂದು ಮಾರುವ ಬಣ್ಣವನ್ನು ಮಾತ್ರ ಬಿಸಿಲು ಬೀಳುವ ಪೋರ್ಟಿಕೋಗೆ ಒಪ್ಪಬೇಡಿ, ಬಿಸಿಲಿಗೆ ಬೇಗ ಮಾಸುತ್ತದೆ.