ರೆಸ್ಕ್ಯೂ ಮಾಡ್ತೀನಿ ಅಂತ ಬಂದವನ ಕೈಗೆ ಕೆಂಪಿಯನ್ನು ಕೊಟ್ಟುಬಿಟ್ಟೆ

ಬೆಂಗಳೂರಲ್ಲಿ ಬೀದಿನಾಯಿಗಳಿಗೆ ಅನ್ನ ಹಾಕುವವರು ದಯವಿಟ್ಟು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೀತಿದ್ದೀನಿ.

ವಿಜಯನಗರದ ನಮ್ಮ ಬೀದಿಯ ನಾಯಿ ಕೆಂಪಿಗೆ ಹೋದ ತಿಂಗಳು ರಾತ್ರಿ ಕಾರು ಗುದ್ದಿ ಹಿಂಗಾಲು ಮುರೀತು. ಆರು ವರ್ಷದಿಂದ ನಮ್ಮ ಗೇಟಿನ ಹತ್ತಿರವೇ ಮಲಗೋಳು. ಗಾಬರಿಯಲ್ಲಿ ವಾಟ್ಸಾಪ್ ಗ್ರೂಪಲ್ಲಿ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಅರ್ಧ ಗಂಟೇಲಿ ಒಬ್ಬ ವ್ಯಾನ್ ತಂದ. ಕೆಂಪಿಯ ತಲೆ ಸವರಿ, "ಕಾಲಿಗೆ ರಾಡ್ ಹಾಕಬೇಕು ಮೇಡಂ, 8,000 ಅಡ್ವಾನ್ಸ್" ಅಂದ. ಅಲ್ಲೇ ಯುಪಿಐ ಮಾಡಿದೆ. ಯಾವ ಆಸ್ಪತ್ರೆ ಅಂತ ಕೇಳಲೇ ಇಲ್ಲ. ಕೇಳಲೇ ಇಲ್ಲ ನಾನು!

ಆಮೇಲೆ ದಿನಾ ಒಂದೊಂದು ಲೆಕ್ಕ. ಎಕ್ಸ್‌ರೇ, ಡ್ರಿಪ್ಪು, ಬೋರ್ಡಿಂಗು. ಒಟ್ಟು 21,500 ಹೋಯ್ತು. ನೋಡೋಕೆ ಬರ್ತೀನಿ ಅಂದರೆ, "ಇನ್ಫೆಕ್ಷನ್ ಆಗತ್ತೆ, ಹೊರಗಿನವರನ್ನ ಬಿಡಲ್ಲ."

ಹದಿಮೂರನೇ ದಿನ ಫೋಟೊ ಕಳಿಸಿದ. ಕೆಂಪು ಮೈ, ಕಾಲಿಗೆ ಬ್ಯಾಂಡೇಜು. ಖುಷಿಯಿಂದ ಅಮ್ಮನಿಗೆ ತೋರಿಸಿದೆ. ಅಮ್ಮ ಫೋಟೊ ದೊಡ್ಡದು ಮಾಡಿ, "ಇದರ ಕಿವಿ ಪೂರ್ತಿ ಇದೆಯಲ್ಲೇ" ಅಂದರು. ನನಗೆ ಕೈಕಾಲು ತಣ್ಣಗಾಯ್ತು. ಪಾಲಿಕೆಯವರು ಸಂತಾನಹರಣ ಆಪರೇಷನ್ ಮಾಡಿಸಿದಾಗ ಗುರುತಿಗೆ ಅಂತ ಕೆಂಪಿಯ ಎಡಗಿವಿ ತುದಿ ಕತ್ತರಿಸಿದ್ದರು. ನಿಯಮದ ಪ್ರಕಾರ ಹಿಡಿದ ಜಾಗಕ್ಕೇ, ಇದೇ ಗೇಟಿನ ಹತ್ತಿರ, ವಾಪಸ್ ತಂದು ಬಿಟ್ಟೂ ಇದ್ದರು. ನಾನು ನಂಬಿದವನು ಬಿಡಲಿಲ್ಲ.

ಕೇಳಿದ್ದಕ್ಕೆ ಅವನ ಉತ್ತರ: "ಗಾಯ ವಾಸಿಯಾಗಿ ಕಿವಿ ಬೆಳೆದಿದೆ ಮೇಡಂ." ಕತ್ತರಿಸಿದ ಕಿವಿ ಬೆಳೆಯತ್ತಾ? ವಿಡಿಯೊ ಕಾಲ್ ಮಾಡಿ ಅಂದೆ. "ನಿಜವಾದ ಪ್ರಾಣಿಪ್ರಿಯರು ಹೀಗೆ ಅನುಮಾನ ಪಡಲ್ಲ. ಬೇಡ ಅಂದ್ರೆ ರಸ್ತೇಲಿ ಬಿಡ್ತೀನಿ, ಸತ್ತರೆ ಪಾಪ ನಿಮಗೇ." ಆ ಮಾತಿಗೆ ಹೆದರಿ, ಸುಳ್ಳು ಅಂತ ಗೊತ್ತಿದ್ದೂ, ಇನ್ನೂ 2,000 ಹಾಕಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯತ್ತೆ. ಮರುದಿನ ಬ್ಲಾಕ್ ಮಾಡಿದ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೀನಿ. ದುಡ್ಡು ಹೋದ ತಕ್ಷಣ ಕೊಡಬೇಕಿತ್ತು, ನಾನು ಎರಡು ವಾರ ಕಳೆದ ಮೇಲೆ ಕೊಟ್ಟೆ. ದುಡ್ಡು ಹಾಳಾಗಲಿ, ನಾಯಿ ಎಲ್ಲಿ?

ಗಾಯ ಆದ ನಾಯೀನ ಯಾರದೋ ವ್ಯಾನಿಗೆ ಹತ್ತಿಸಿ ಮನೆಗೆ ಬರಬೇಡಿ. ನೀವೂ ಹತ್ತಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಆಟೊದವರು ಹೆಚ್ಚು ಕೇಳಿದರೂ ಕೊಟ್ಟು ಕರ್ಕೊಂಡು ಹೋಗಿ. ಬಿಲ್ಲು ಕೌಂಟರಲ್ಲೇ ಕಟ್ಟಿ. "ಪ್ರಾಣಿಪ್ರಿಯರು" ಅಂತ ಬಾಯಿ ಮುಚ್ಚಿಸೋಕೆ ನೋಡಿದರೆ ಅಲ್ಲೇ ಫೋನ್ ಇಡಿ.

ಕೆಂಪು ಹೆಣ್ಣು ನಾಯಿ, ಎಡಗಿವಿ ತುದಿ ಇಲ್ಲ, ಬಾಲದ ಕೊನೆ ಬಿಳಿ, ಬಲ ಹಿಂಗಾಲು ಮುರಿದಿದೆ. ಕೆಂಪಿ ಅಂತ ಕರೆದರೆ ತಿರುಗಿ ನೋಡ್ತಾಳೆ. ಎಲ್ಲಾದರೂ ಕಂಡರೆ ದಯವಿಟ್ಟು ಹೇಳಿ.