ಚಪ್ಪಡಿ ಸಂದಿನ ಗಿಡಗಳಿಗೆ ಐನ್ಯಾಚುರಲಿಸ್ಟ್ ಆ್ಯಪ್: ಎಲ್ಲಿ ನಂಬಬಹುದು, ಎಲ್ಲಿ ಬೇಡ

ಬೆಂಗಳೂರಿನ ಕಾಂಪೌಂಡ್ ಬುಡ, ಚರಂಡಿ ಚಪ್ಪಡಿಯ ಸಂದು, ಖಾಲಿ ಸೈಟುಗಳಲ್ಲಿ ತಾನಾಗಿ ಹುಟ್ಟುವ ಗಿಡಗಳ ಗುರುತು ಹಿಡಿಯಲು ಈ ಆ್ಯಪ್ ತುಂಬ ಒಳ್ಳೆಯದು. ದುಡ್ಡಿಲ್ಲ, ಜಾಹೀರಾತಿಲ್ಲ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಗೂಗಲ್ ಲೆನ್ಸ್ ಒಂದು ಹೆಸರು ಹೇಳಿ ಸುಮ್ಮನಾಗುತ್ತದೆ. ಇಲ್ಲಿ ನೀವು ಹಾಕಿದ ಫೋಟೊಗೆ ಆ್ಯಪ್ ಹೆಸರು ಸೂಚಿಸುತ್ತದೆ, ಅದು ತಪ್ಪಿದ್ದರೆ ಗಿಡ ಬಲ್ಲ ಇತರ ಬಳಕೆದಾರರು ತಿದ್ದುತ್ತಾರೆ.

ತುಂಬೆ, ಉತ್ತರಾಣಿ, ಮುಟ್ಟಿದರೆ ಮುನಿ ಬಹುಪಾಲು ಒಂದೇ ಫೋಟೊದಲ್ಲಿ ಸಿಕ್ಕಿಬಿಡುತ್ತವೆ. ಎಡವಟ್ಟಾಗುವುದು ನೆಲನೆಲ್ಲಿಯಲ್ಲಿ. ಹಲವು ಪ್ರಭೇದಗಳನ್ನು ನಾವು ಅದೇ ಹೆಸರಿನಿಂದ ಕರೆಯುತ್ತೇವೆ, ಮೇಲಿನಿಂದ ತೆಗೆದ ಫೋಟೊದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಕಡ್ಡಿ ಮಗುಚಿ, ಎಲೆಯಡಿಯ ಕಾಯಿಸಾಲನ್ನು ಹತ್ತಿರದಿಂದ ತೆಗೆಯಿರಿ. ಕಾಯಿ ತೊಟ್ಟಿಲ್ಲದೆ ಅಂಟಿಕೊಂಡು ಮೈ ಒರಟಾಗಿದ್ದರೆ ಫಿಲಾಂಥಸ್ ಯೂರಿನೇರಿಯ. ನುಣುಪಾಗಿ ಚಿಕ್ಕ ತೊಟ್ಟಿನಿಂದ ತೂಗುತ್ತಿದ್ದರೆ ಅದೇ ಕುಲದ ಫಿಲಾಂಥಸ್ ಅಮಾರಸ್ ಇರಬಹುದು. ಕೆರೆಯಂಚಿನ ಹೊನಗೊನ್ನೆಗೂ ಇದೇ ಎಚ್ಚರ ಬೇಕು: ಬಿಳಿ ಹೂಗುಚ್ಛ ಎಲೆಯ ಕಂಕುಳಲ್ಲೇ ಕೂತಿದ್ದರೆ ಹೊನಗೊನ್ನೆ, ಉದ್ದ ತೊಟ್ಟಿನ ತುದಿಯಲ್ಲಿದ್ದರೆ ಅಲಿಗೇಟರ್ ಕಳೆ. ಹೊನಗೊನ್ನೆಯೇ ಆದರೂ ಚರಂಡಿ ನೀರಿನಲ್ಲಿ ಬೆಳೆದದ್ದನ್ನು ಸೊಪ್ಪಿಗೆ ಕೀಳಬೇಡಿ, ಸೀಸದಂಥ ಲೋಹಗಳು ಎಲೆಗೆ ಸೇರಿರಬಹುದು. ಹಳೇ ಗಾರೆ ಗೋಡೆಯ ಜರೀಗಿಡಕ್ಕೆ ಎಲೆಯ ಹಿಂಬದಿಯ ಚಿತ್ರ ಇಲ್ಲದಿದ್ದರೆ ಯಾರೂ ಖಚಿತವಾಗಿ ಹೇಳಲಾರರು.

ಒಂದು ಗಿಡಕ್ಕೆ ನಾಲ್ಕು ಫೋಟೊ ಸಾಕು: ಇಡೀ ಗಿಡ, ಹೂವು, ಕಾಯಿ, ಎಲೆಯ ಹಿಂಬದಿ. ಫೋಕಸ್ ಹಿಂದಿನ ಗೋಡೆಗೆ ಹೋಗುತ್ತಿದ್ದರೆ ಗಿಡದ ಹಿಂದೆ ಅಂಗೈ ಹಿಡಿಯಿರಿ. ತೀರ ಹತ್ತಿರ ಹೋದರೆ ಮಸುಕಾಗುತ್ತದೆ, ಒಂದು ಗೇಣು ದೂರದಿಂದ ಎರಡು ಪಟ್ಟು ಜೂಮ್ ಮಾಡಿ. ತುಂಬೆಯಂಥ ಬಿಳಿ ಹೂ ಮಧ್ಯಾಹ್ನದ ಬಿಸಿಲಲ್ಲಿ ಬರೀ ಬಿಳಿ ಚುಕ್ಕೆಯಾಗುತ್ತದೆ, ಮೈಯಿಂದ ನೆರಳು ಮಾಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಹಾಕಿದರೆ ತೆಗೆದ ಜಾಗದ ಮಾಹಿತಿ ಉಳಿದಿರುವುದಿಲ್ಲ. ಮೂಲ ಫೋಟೊವನ್ನೇ ಹಾಕಿ.

ಆ್ಯಪ್ ಸೂಚಿಸುವ ಮೊದಲ ಹೆಸರನ್ನು ಕಣ್ಮುಚ್ಚಿ ಒತ್ತುವುದೇ ದೊಡ್ಡ ತಪ್ಪು. ಅನುಮಾನವಿದ್ದರೆ ಫಿಲಾಂಥಸ್ ಎಂಬಂಥ ಕುಲದ (ಜೀನಸ್) ಹೆಸರಿಗೇ ನಿಲ್ಲಿಸಿ. ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದವೆಂದು ಒಪ್ಪಿದ ಮೇಲಷ್ಟೇ ದಾಖಲೆಗೆ 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಬಳಸಬಹುದಾದ ದರ್ಜೆ, ಸಿಗುತ್ತದೆ. ನಿಮ್ಮದೊಂದೇ ಮತವಿದ್ದರೆ ಅದು ಬಾರದು, ಇನ್ನೊಬ್ಬರು ಬಂದು ನೋಡುವವರೆಗೆ ಕಾಯಬೇಕು. ಕುಂಡದ ಗಿಡವಾದರೆ 'ಬೆಳೆಸಿದ್ದು' ಎಂದು ಗುರುತು ಹಾಕಿ. ಮನೆಯಂಗಳದ್ದಾದರೆ ಸ್ಥಳವನ್ನು 'ಅಬ್‌ಸ್ಕ್ಯೂರ್ಡ್' (ನಿಖರ ಜಾಗ ಮರೆಮಾಚುವ ಆಯ್ಕೆ) ಮಾಡಿ, ನಕ್ಷೆಯಲ್ಲಿ ನಿಮ್ಮ ಮನೆ ಕಾಣುವುದಿಲ್ಲ.