ಐಒಕ್ಯೂಎಂ ತಯಾರಿ: ಕೋಚಿಂಗೋ, ಹಳೆ ಪೇಪರೋ, ಅಮೆರಿಕದ ಪೇಪರೋ?

ಹತ್ತನೇ ಕ್ಲಾಸಿನಲ್ಲಿ ಐಒಕ್ಯೂಎಂ, ಅಂದರೆ ಗಣಿತ ಒಲಿಂಪಿಯಾಡಿನ ಅರ್ಹತಾ ಪರೀಕ್ಷೆ, ಬರೆದಾಗ ನನಗೆ ಬಂದದ್ದು 100ಕ್ಕೆ 19. ಫಸ್ಟ್ ಪಿಯುನಲ್ಲಿ 52. ನಡುವಿನ ಒಂದು ವರ್ಷದಲ್ಲಿ ತಲೆಯೇನೂ ಬದಲಾಗಲಿಲ್ಲ, ಓದುವ ರೀತಿ ಬದಲಾಯಿತು ಅಷ್ಟೇ. ಈಗ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ "ಅಕ್ಕಾ, ಕೋಚಿಂಗ್ ಸೇರ್ಲಾ?" ಎಂದು ದಿನಾ ಕೇಳುತ್ತಾನೆ. ಶಿರಸಿಯಲ್ಲಿ ಕೂತು ನಾನು ಮಾಡಿ ನೋಡಿದ್ದನ್ನು ಅವನಿಗಾಗಿ ಬರೆಯುತ್ತಿದ್ದೇನೆ.

ಪರೀಕ್ಷೆಯ ಲೆಕ್ಕ ಮೊದಲು. ಗಣಿತ ಒಲಿಂಪಿಯಾಡಿನ ಮೊದಲ ಮೆಟ್ಟಿಲು ಇದು. ಮೂರು ಗಂಟೆ, 30 ಪ್ರಶ್ನೆ, 100 ಅಂಕ. 10 ಪ್ರಶ್ನೆಗೆ ಎರಡೆರಡು, 10ಕ್ಕೆ ಮೂರು ಮೂರು, ಉಳಿದ 10ಕ್ಕೆ ಐದೈದು. ಉತ್ತರ 00ರಿಂದ 99ರೊಳಗಿನ ಸಂಖ್ಯೆ, ಒಎಂಆರ್ ಹಾಳೆಯಲ್ಲಿ ತುಂಬಬೇಕು. ತಪ್ಪಾದರೆ ಅಂಕ ಕಳೆಯುವುದಿಲ್ಲ. ದಾಟಿದರೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ಅದನ್ನೂ ದಾಟಿದರೆ ರಾಷ್ಟ್ರಮಟ್ಟದ ಐಎನ್‌ಎಂಒ. ಎಷ್ಟು ಬಂದರೆ ದಾಟಬಹುದು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದೇ ಉತ್ತರ ಇಲ್ಲ. ಕಟ್-ಆಫ್ ವರ್ಷ ವರ್ಷ ಬದಲಾಗುತ್ತದೆ, ಒಂದೊಂದು ಪ್ರದೇಶಕ್ಕೆ ಒಂದೊಂದು. ಕರ್ನಾಟಕದ್ದು ಬೇರೆ, ಮುಂಬೈಯದ್ದು ಬೇರೆ. ಸೆಕೆಂಡ್ ಪಿಯು ಮಕ್ಕಳನ್ನು ಬೇರೆಯೇ ಗುಂಪು ಮಾಡುತ್ತಾರೆ. ಹಾಗಾಗಿ ಹೋದ ವರ್ಷದ ಕಟ್-ಆಫ್ ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ.

ಮೊದಲ ವರ್ಷ ನಾನು ಆನ್‌ಲೈನ್ ಕೋಚಿಂಗ್ ಸೇರಿದೆ. ಫೀಸು 18 ಸಾವಿರ. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಅಪ್ಪ ಕಟ್ಟಿದರು. ಪಾಠ ಕೆಟ್ಟದಾಗಿತ್ತು ಎನ್ನಲಾರೆ. ಸಂಖ್ಯಾ ಸಿದ್ಧಾಂತ, ಎಣಿಕೆ, ರೇಖಾಗಣಿತ ಎಲ್ಲವನ್ನೂ ಮುಟ್ಟಿದರು. ಮಾಡ್ಯುಲೊ (ಭಾಗಿಸಿದಾಗ ಉಳಿಯುವ ಶೇಷದ ಲೆಕ್ಕ) ಎಂಬ ಮಾತನ್ನು ನಾನು ಕೇಳಿದ್ದೇ ಅಲ್ಲಿ. ತೊಂದರೆ ಎರಡು. ಪರೀಕ್ಷೆ ಸೆಪ್ಟೆಂಬರಿನಲ್ಲಿ, ಅಂದರೆ ಜೋರು ಪಾಠ ನಡೆಯುವುದು ಜೂನ್, ಜುಲೈ, ಆಗಸ್ಟಿನಲ್ಲಿ. ಘಟ್ಟದ ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟು, ನೆಟ್‌ವರ್ಕು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಎಷ್ಟೋ ಕ್ಲಾಸು ಅರ್ಧಕ್ಕೇ ನಿಂತವು. ಎರಡನೆಯದು ಇನ್ನೂ ದೊಡ್ಡದು. ಸರ್ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರೆ ನನಗೆ ಎಲ್ಲ ಗೊತ್ತಾಯಿತು ಅನಿಸುತ್ತಿತ್ತು. ಪೆನ್ನು ಹಿಡಿದರೆ ಏನೂ ಇಲ್ಲ!

ಒಂದು ಉದಾಹರಣೆ ಕೊಡುತ್ತೇನೆ. 7ರ 2023ನೇ ಘಾತದ ಕೊನೆಯ ಎರಡು ಅಂಕಿ ಯಾವುದು? ಕ್ಲಾಸಿನಲ್ಲಿ ಆಯ್ಲರ್ ಪ್ರಮೇಯ ಕಲಿಸಿದ್ದರು, ಇಂಥ ಲೆಕ್ಕದಲ್ಲಿ ದೊಡ್ಡ ಘಾತವನ್ನು ಚಿಕ್ಕದು ಮಾಡುವ ದಾರಿ. ಅದನ್ನು ಹಚ್ಚಿದೆ. ಘಾತ 2023 ಹೋಗಿ 23 ಆಯಿತು. ಅಲ್ಲಿಗೇ ನಿಂತೆ. 7ರ 23ನೇ ಘಾತವನ್ನು ಯಾರು ಗುಣಿಸುತ್ತಾರೆ? ಮರುವರ್ಷ ಇಂಥದ್ದೇ ಲೆಕ್ಕಕ್ಕೆ ಸುಮ್ನೆ ಕೈಯಲ್ಲಿ ಬರೆಯುತ್ತಾ ಹೋದೆ: 07, 49, 43, 01. ನಾಲ್ಕಕ್ಕೊಮ್ಮೆ ಅದೇ ತಿರುಗಿ ಬರುತ್ತದೆ. 2023ನ್ನು 4ರಿಂದ ಭಾಗಿಸಿದರೆ ಶೇಷ 3, ಮೂರನೆಯದು 43. ಮುಗಿಯಿತು. ಪ್ರಮೇಯದ ತಪ್ಪಲ್ಲ ಅದು. ಮೊದಲು ನಾಲ್ಕು ಸಾಲು ಬರೆದು ನೋಡುವ ಅಭ್ಯಾಸ ನನಗಿರಲಿಲ್ಲ.

ಆ ಅಭ್ಯಾಸ ಬಂದದ್ದು ಹಳೆ ಪೇಪರಿನಿಂದ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಐಒಕ್ಯೂಎಂ ಬರುವ ಮೊದಲು ಪಿಆರ್‌ಎಂಒ ಎಂಬ ಪರೀಕ್ಷೆ ಇತ್ತು, ಅದರ ಪೇಪರೂ ಇವೆ. ಪೇಟೆಯಲ್ಲಿ ಪ್ರಿಂಟ್ ತೆಗೆಸಿದೆ. ಪ್ರತಿ ಭಾನುವಾರ ಬೆಳಿಗ್ಗೆ ಮೂರು ಗಂಟೆ, ಗಡಿಯಾರ ಎದುರಿಗೆ. ಕರೆಂಟು ಹೋದರೂ ಪೇಪರು ಆಫ್ ಆಗುವುದಿಲ್ಲ! ನಾಲ್ಕನೇ ಭಾನುವಾರದ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಎರಡರ, ಮೂರರ ಪ್ರಶ್ನೆಗಳು ಸೇರಿದರೇ 50 ಅಂಕ. ಹಿಂದಿನ ವರ್ಷ ನಾನು ಐದರ ಒಂದು ರೇಖಾಗಣಿತದ ಲೆಕ್ಕಕ್ಕೆ ಮುಕ್ಕಾಲು ಗಂಟೆ ಸುರಿದಿದ್ದೆ. ಎರಡನೇ ಸಲ ಎರಡರದ್ದು ಒಂಬತ್ತು, ಮೂರರದ್ದು ಎಂಟು, ಐದರದ್ದು ಎರಡೇ ಎರಡು ಸರಿಯಾದವು. ಕೂಡಿಸಿ ನೋಡಿ.

ಉತ್ತರ ಎರಡೇ ಅಂಕಿ ಎನ್ನುವುದೂ ಒಂದು ಸಹಾಯ. 137 ಬಂತೆಂದರೆ ಎಲ್ಲೋ ಎಡವಿದ್ದೇವೆ, ಇಲ್ಲವೇ ಪ್ರಶ್ನೆಯ ಕೊನೆಯ ಸಾಲನ್ನು ಸರಿ ಓದಿಲ್ಲ.

ನಡುವೆ ಅಮೆರಿಕದ ಪೇಪರುಗಳನ್ನೂ ಹಿಡಿದೆ. ಎಎಂಸಿ 10 ಎಂಬ ಅಲ್ಲಿನ ಶಾಲಾ ಮಕ್ಕಳ ಗಣಿತ ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 25 ಪ್ರಶ್ನೆ. ಲೆಕ್ಕಗಳು ಚಂದ, ಕೈ ಚುರುಕಾಗುತ್ತದೆ. ಆದರೆ ಅಲ್ಲಿ ಐದು ಆಯ್ಕೆ ಇರುತ್ತವೆ, ಅವನ್ನು ನೋಡಿಯೇ ಉತ್ತರ ಊಹಿಸುವ ಚಟ ಹತ್ತುತ್ತದೆ. ಸರಿಯಾದರೆ 6, ಖಾಲಿ ಬಿಟ್ಟರೂ 1.5 ಅಂಕ. ಆ ರೂಢಿಯಲ್ಲಿ ನಾನು ನಮ್ಮ ಪೇಪರಿನಲ್ಲೂ ಖಾಲಿ ಬಿಡತೊಡಗಿದ್ದೆ. ಎಎಂಸಿ ದಾಟಿದವರು ಬರೆಯುವ ಎಐಎಂಇ ನಮಗೆ ಹೆಚ್ಚು ಹತ್ತಿರ: ಮೂರು ಗಂಟೆ, 15 ಪ್ರಶ್ನೆ, ಆಯ್ಕೆ ಇಲ್ಲ, ಉತ್ತರ 0ರಿಂದ 999. ಅದರ ಮೊದಲ ಐದಾರು ಪ್ರಶ್ನೆ ಸಾಕು, ಕೊನೆಯವು ಜೀವ ಹಿಂಡುತ್ತವೆ.

ಇಷ್ಟೆಲ್ಲ ಮಾಡಿ ಆರ್‌ಎಂಒಗೆ ಹೋದೆ. ಅಲ್ಲಿ ಆರೇ ಪ್ರಶ್ನೆ, ಮೂರು ಗಂಟೆ, ಪ್ರತಿಯೊಂದಕ್ಕೂ ಪೂರ್ತಿ ಸಾಧನೆ, ಅಂದರೆ ಉತ್ತರ ಯಾಕೆ ಸರಿ ಎಂದು ಹಂತ ಹಂತವಾಗಿ, ಬರೆಯಬೇಕು. ಕೋಚಿಂಗಾಗಲಿ ಹಳೆ ಪೇಪರಾಗಲಿ ಇದನ್ನು ನನಗೆ ಕಲಿಸಿರಲಿಲ್ಲ. ಸ್ವಲ್ಪ ಕಲಿಸಿದವರು ನಮ್ಮೂರಿನ ನಿವೃತ್ತ ಗಣಿತ ಮಾಸ್ತರು. ನಾನು ಬರೆದು ಕೊಟ್ಟ ಹಾಳೆಯಲ್ಲಿ ಸಾಲು ಸಾಲಿಗೂ ಕೆಂಪು ಪೆನ್ನಿನಲ್ಲಿ "ಯಾಕೆ?" ಎಂದು ಬರೆದು ವಾಪಸ್ ಕೊಡುತ್ತಿದ್ದರು. ಸಿಟ್ಟು ಬರುತ್ತಿತ್ತು. ಆರ್‌ಎಂಒದಲ್ಲಿ ನಾನು ಪೂರ್ತಿ ಬಿಡಿಸಿದ್ದು ಒಂದೇ ಲೆಕ್ಕ, ಇನ್ನೊಂದು ಅರ್ಧ. ಮುಂದೆ ಹೋಗಲಿಲ್ಲ. ಆ ಒಂದು ಲೆಕ್ಕ ಅವರ ಕೆಂಪು ಪೆನ್ನಿನದೇ.

ಈಗ ಮತ್ತೆ ದುಡ್ಡು ಕೊಟ್ಟು ಸೇರು ಎಂದರೆ ನಾನು ಸೇರುವುದಿಲ್ಲ. ಊರಲ್ಲಿ ಕೇಳಲು ಯಾರೂ ಇಲ್ಲದವರಿಗೆ, ಮನೆಯಲ್ಲಿ ಒಳ್ಳೆಯ ನೆಟ್‌ವರ್ಕ್ ಇರುವವರಿಗೆ ಕೋಚಿಂಗ್ ಆಗಬಹುದು.

ಪಕ್ಕದ ಮನೆಯವನಿಗೆ ನನ್ನ ಪೇಪರಿನ ಕಟ್ಟು ಕೊಟ್ಟೆ. ನಾಲ್ಕು ದಿನ ಬಿಟ್ಟು ಓಡಿ ಬಂದ. "ಅಕ್ಕಾ, ಏಳನೇ ಪ್ರಶ್ನೆಗೆ 212 ಬಂತು. ಕೊಟ್ಟಿರೋ ಉತ್ತರವೇ ತಪ್ಪಿರ್ಬೇಕು ಅಲ್ವಾ?"

ಪ್ರಶ್ನೆಯ ಕೊನೆಯ ಸಾಲು ಗಟ್ಟಿಯಾಗಿ ಓದು ಅಂದೆ.